ಜರ್ಮನ್ ಹೆಂಗಸರ ಮೇಜು

ನನ್ನ ಅಡುಗೆಮನೆಯಲ್ಲಿ ಎರಡು ಲಟ್ಟಣಿಗೆ ಇವೆ. ಒಂದು ಗದಗಿನ ಸಂತೆಯದು, ಚಪಾತಿಗೆ. ಇನ್ನೊಂದು ಮೊಳಕ್ಕಿಂತ ಉದ್ದ, ಹಿಡಿಕೆ ಇಲ್ಲ, ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ. ಅದನ್ನು ಹಿಲ್ಡಾ ಎಂಬ ಜರ್ಮನ್ ಮುದುಕಿ ಕೊಟ್ಟದ್ದು. ಹೋಳಿಗೆಗೆ ಅದನ್ನೇ ತೆಗೆಯುತ್ತೇನೆ, ಅಷ್ಟು ಸಮನಾಗಿ ಉರುಳುವ ಲಟ್ಟಣಿಗೆ ನಾನು ಬೇರೆ ಕಂಡಿಲ್ಲ. ತೆಗೆದಾಗಲೆಲ್ಲ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಲಟ್ಟಿಸಿದ ಹೋಳಿಗೆ ಹರಿಯುತ್ತದೆ, ಹೂರಣ ಹೊರಗೆ ಬರುತ್ತದೆ. ಹೋದ ವಾರ ಹಾಗೆ ಹರಿದದ್ದನ್ನು ಅಳಿಯನ ತಟ್ಟೆಗೆ ಹಾಕಿದೆ. ಅವರು ನೋಡಿಯೂ ನೋಡದವರಂತೆ ತಿಂದು, "ಅತ್ತಿಯವರ, ನಮ್ಮ ಕನ್ನಡ ಸಂಘದ ಸೋವನೀರಿಗೆ ಒಂದು ಪೇಜ್ ಬರದು ಕೊಡ್ರಿ" ಎಂದರು.

"ಏನ್ ಬರೀಲಿ?"

"ನಮ್ಮ ಬಿಲ್ಡಿಂಗ್ ಬಗ್ಗೆ ಬರೀರಿ. ನೀವು ಮೊದಲಿಂದ ನೋಡೀರಿ. ಜರ್ಮನ್ ಮಂದಿ ಚರ್ಚ್ ಇದ್ದದ್ದು, ನಾವು ತಗೊಂಡದ್ದು, ಹಳೇ ನೆನಪು. ಸ್ವಲ್ಪ ಸಿಹಿಯಾಗಿರ್ಲಿ."

"ಸಿಹಿ ಬೇಕಂದ್ರ ಇನ್ನೊಂದು ಹೋಳಿಗಿ ತಿನ್ರಿ" ಎಂದೆ.

ಅಳಿಯ ಶಿವಾನಂದ ಸಂಘದ ಸೆಕ್ರೆಟರಿ. ಒಳ್ಳೆಯ ಮನುಷ್ಯ. ಒಳ್ಳೆಯವರನ್ನು ಬಯ್ಯುವುದು ಕಷ್ಟ, ಅದಕ್ಕೇ ಇಷ್ಟು ವರ್ಷ ಬಯ್ಯದೆ ಉಳಿದೆ. ಅವರು ಒಂದು ಪೇಜ್ ಕೇಳಿದ್ದಾರೆ. ನಾನು ಎಷ್ಟು ಬರುತ್ತದೋ ಅಷ್ಟು ಬರೆಯುತ್ತೇನೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆಮೇಲೆ ಇಷ್ಟು ವರ್ಷ ಬರೆದದ್ದು ಕಿರಾಣಿ ಚೀಟಿ ಮತ್ತು ಉಪ್ಪಿನಕಾಯಿ ಭರಣಿಯ ಮೇಲಿನ ಚೀಟಿ. ಒತ್ತಕ್ಷರ ತಪ್ಪಿದರೆ ಮಗಳು ಸುಜಾತಾ ತಿದ್ದುತ್ತಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ. ನಮ್ಮ ಮನೆಯವರು ಇಂಜಿನಿಯರ್. ಅವರ ಕೆಲಸದ ಹಿಂದೆ ಟೆಕ್ಸಾಸಿಗೆ ಬಂದೆ, ಮೊದಲು ಹ್ಯೂಸ್ಟನ್, ಆಮೇಲೆ ಆಸ್ಟಿನ್. ಅವರು ಹೋದ ಮೇಲೆ ಮಗಳ ಮನೆ, ಲಿಟಲ್ ಎಲ್ಮ್. ಮೂರು ಊರಿನಲ್ಲೂ ನನಗೆ ಗೊತ್ತಿದ್ದದ್ದು ಮೂರು ಅಡುಗೆಮನೆ. ಆದ್ದರಿಂದ ಕಟ್ಟಡದ ಚರಿತ್ರೆ ಎಂದರೆ ನಾನು ಅಡುಗೆಮನೆಯಿಂದಲೇ ಹೇಳಬೇಕು. ಸುಳ್ಳು ಹೇಳುವುದಕ್ಕೆ ಸಂಘದ ಹಾಲ್ ಇದೆ, ಅಲ್ಲಿ ಮೈಕ್ ಇದೆ.

ಸೋವನೀರಿನಲ್ಲಿ, ಅಂದರೆ ಸ್ಮರಣ ಸಂಚಿಕೆಯಲ್ಲಿ, ಚರಿತ್ರೆ ಆಗಲೇ ಬರೆದಿಟ್ಟಿದ್ದಾರೆ. ಅಳಿಯ ತೋರಿಸಿದರು. "ಈ ಕಟ್ಟಡವು ಹಿಂದೆ ಜರ್ಮನ್ ವಲಸಿಗರ ಚರ್ಚ್ ಆಗಿತ್ತು. ಅವರ ಸಂಖ್ಯೆ ಕಡಿಮೆಯಾದ ಕಾರಣ ನಮ್ಮ ಸಂಘವು ಅದನ್ನು ಪಡೆಯಿತು." ಎರಡೇ ವಾಕ್ಯ. ನೂರು ವರ್ಷದ ಮೇಲಿನ ಮದುವೆ, ತೊಟ್ಟಿಲು, ಹೆಣ, ಊಟ ಎಲ್ಲ ಎರಡು ವಾಕ್ಯದಲ್ಲಿ ಮುಗಿಯಿತು. ಅದರ ಕೆಳಗೆ ಪ್ರೆಸಿಡೆಂಟ್ ಡಾಕ್ಟರರ ಫೋಟೋ. ಅದು ಅರ್ಧ ಪುಟ.

ಊರಿನ ಹೆಸರು ನಾನು ಬರೆಯುವುದಿಲ್ಲ. ಮೆಕಿನ್ನಿ ದಾಟಿ ಮುಕ್ಕಾಲು ತಾಸು ಹೋದರೆ ಸಿಗುತ್ತದೆ, ಹೋಗುವವರಿಗೆ ದಾರಿ ಗೊತ್ತಿದೆ. ಮೊದಲ ಸಲ ಅಲ್ಲಿ ಕಾರಿನಿಂದ ಇಳಿದಾಗ ನಾನು ಚರ್ಚು ನೋಡಲಿಲ್ಲ, ನೆಲ ನೋಡಿದೆ. ಎರಿ ನೆಲ, ಕರಿ ಮಣ್ಣು. ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ನಮ್ಮ ಕಡೆಯ ಹತ್ತಿ ಹೊಲ ಹೀಗೇ ಬಾಯಿ ಬಿಡುತ್ತದೆ. ಇದು ಹತ್ತಿ ಬೆಳೆದ ನೆಲ ಎಂದೆ. ಪ್ರೆಸಿಡೆಂಟರು, "ಆಂಟಿ, ಇಲ್ಲಿ ಪಾರ್ಕಿಂಗ್ ಬರುತ್ತೆ" ಎಂದರು.

ಹತ್ತಿಗೇ ಅವರು ಬಂದದ್ದು, ಆ ಜರ್ಮನ್ ಮಂದಿ. ಹಡಗಿನಿಂದ ಸಮುದ್ರದ ದಂಡೆಗೆ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಮೇಲೆ ಮೇಲೆ ಬಂದು, ಈ ಕರಿ ಮಣ್ಣು ನೋಡಿ ನಿಂತರಂತೆ. ಮೊದಲ ಪ್ರಾರ್ಥನೆ ಯಾರದೋ ಹೊಲದಲ್ಲಿ, ಹತ್ತಿ ಚೀಲಗಳ ಮೇಲೆ ಕೂತು. ಮೊದಲ ಚರ್ಚು ಕಟ್ಟಿದರು, ಗಾಳಿ ಕೆಡವಿತು. ಎರಡನೆಯದನ್ನು ಕಟ್ಟುವ ಹೊತ್ತಿಗೆ ಎರಿ ನೆಲದ ಗುಣ ಅವರಿಗೆ ತಿಳಿದಿತ್ತು. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಯಾರ ಮಾತೂ ಕೇಳುವುದಿಲ್ಲ. ಅದಕ್ಕೆ ಅವರು ಕಲ್ಲಿನ ತಳಪಾಯ ಹಾಕದೆ, ಅಲ್ಲೇ ಬೆಳೆಯುವ ಒಂದು ಮುಳ್ಳುಮರದ ತುಂಡುಗಳ ಮೇಲೆ ಚರ್ಚು ಕೂರಿಸಿದರು. ಆ ಕಟ್ಟಿಗೆ ಹಳದಿ, ಗೆದ್ದಲು ಮುಟ್ಟುವುದಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಹತ್ತಿ ಬಿಡಿಸಿದ ಮೇಲೆ ಗಂಡಸರು ಕೆಳಗೆ ತೆವಳಿ ಹೋಗಿ, ವಾಲಿದ ಕಡೆ ಬೆಣೆ ಹೊಡೆದು ಸಮ ಮಾಡುತ್ತಿದ್ದರು. ಹೀಗೆ ನೂರು ವರ್ಷ ನಿಂತಿತು.

ನಮ್ಮವರು ಬಂದು ಪಕ್ಕಕ್ಕೆ ಹಾಲ್ ಬೆಳೆಸಿದರು. ಇಂಜಿನಿಯರುಗಳೇ ತುಂಬಿದ ಕಮಿಟಿ. ಎರಿ ನೆಲದ ಮೇಲೆ ಕಾಂಕ್ರೀಟ್ ಸುರಿದರು. ಎರಡನೇ ಬೇಸಿಗೆಗೆ ಸ್ಟೇಜಿನಿಂದ ಬಾತ್‌ರೂಮಿನವರೆಗೆ ಬಿರುಕು ಬಿಟ್ಟಿತು. ಈಗ ಅದರ ಮೇಲೆ ಕಾರ್ಪೆಟ್ ಇದೆ. ಮಕ್ಕಳು ಭರತನಾಟ್ಯ ಮಾಡುವಾಗ ಒಂದು ಜಾಗದಲ್ಲಿ ಎಲ್ಲ ಮಕ್ಕಳೂ ಒಂದೇ ಥರ ಎಡವುತ್ತಾರೆ. ನೋಡುವವರು ಅದನ್ನೂ ಹೆಜ್ಜೆ ಎಂದು ಚಪ್ಪಾಳೆ ತಟ್ಟುತ್ತಾರೆ.

ಇದೆಲ್ಲ ನನಗೆ ಹೇಳಿದವಳು ಹಿಲ್ಡಾ. ಅವಳ ಮಾತಿಗೆ ಬರುವ ಮುಂಚೆ ನನ್ನ ತಪ್ಪು ಹೇಳಿಬಿಡುತ್ತೇನೆ. ಕಡೆಗೆ ಇಟ್ಟುಕೊಂಡರೆ ಬರೆಯಲು ಆಗುವುದಿಲ್ಲ.

ಮೊದಲ ಸಲ ಕಮಿಟಿಯವರ ಜೊತೆ ಕಟ್ಟಡ ನೋಡಲು ಹೋದೆ ಎಂದೆನಲ್ಲ, ಅವತ್ತು ಅಡುಗೆಮನೆಯಲ್ಲಿ ಒಂದು ಮೇಜು ಇತ್ತು. ಹದಿನಾಲ್ಕು ಅಡಿ ಉದ್ದ. ಹಲಗೆ ನಾಲ್ಕು ಬೆರಳು ದಪ್ಪ, ತಿಕ್ಕಿ ತಿಕ್ಕಿ ಬಿಳಿಯಾಗಿತ್ತು. ಸುತ್ತ ಕಮಿಟಿಯ ಗಂಡಸರು ನಿಂತಿದ್ದರು. ನನಗೆ ಏನಾದರೂ ಹೇಳಬೇಕು ಅನ್ನಿಸಿತು. ನಮ್ಮ ಮನೆತನ ಎಷ್ಟು ಕಟ್ಟುನಿಟ್ಟು, ನಾನು ಎಷ್ಟು ಆಚಾರವಂತಳು ಎಂದು ತೋರಿಸುವ ಚಪಲ. ಸೆರಗು ಸರಿ ಮಾಡಿಕೊಂಡು, "ಇದರ ಮ್ಯಾಲೆ ಎಷ್ಟ್ ಹಂದಿ ಕೊಯ್ದಾರೋ ಏನೋ" ಎಂದೆ. ಅಷ್ಟೇ. ಯಾರೂ ಕೇಳಿರಲಿಲ್ಲ, ನನಗೆ ಗೊತ್ತೂ ಇರಲಿಲ್ಲ. ಅಂದೆ, ಮರೆತೆ.

ಕಟ್ಟಡದ ಕಾಗದ ಪತ್ರ ಮುಗಿಯಲು ಆರು ತಿಂಗಳು ಹಿಡಿಯಿತು. ಚರ್ಚಿನ ಕಡೆ ಉಳಿದಿದ್ದವರು ಹನ್ನೊಂದು ಮಂದಿ, ಎಲ್ಲ ಮುದುಕರು. ಅವರಲ್ಲಿ ಹಿಲ್ಡಾ ಪ್ರತಿ ಶನಿವಾರ ಬಂದು ಅಡುಗೆಮನೆ ಖಾಲಿ ಮಾಡುತ್ತಿದ್ದಳು. ನಮ್ಮ ಕಡೆಯಿಂದ ಒಲೆ, ನೀರು, ಸಾಮಾನು ಇಡುವ ಜಾಗ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಗಂಗವ್ವ ಆಂಟಿ ಫ್ರೀ ಇದ್ದಾರೆ ಎಂದರು. ನಾನು ಯಾವತ್ತೂ ಫ್ರೀ ಇದ್ದವಳಲ್ಲ, ಆದರೂ ಹೋದೆ.

ಹಿಲ್ಡಾ ಆಗ ಎಂಬತ್ತರ ಆಚೆ. ತೆಳ್ಳಗೆ, ಗೂನು ಇಲ್ಲ, ಮುಖದಲ್ಲಿ ನಗು ಇಲ್ಲ. ನನ್ನ ಇಂಗ್ಲಿಷು ಅಂಗಡಿಯ ಇಂಗ್ಲಿಷು. ಅವಳದು ಹೊಲದ ಇಂಗ್ಲಿಷು. ಅದಕ್ಕೇ ಕೆಲಸ ನಡೆಯಿತು. ಅವಳ ಮಾತನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ.

ಮೊದಲ ಶನಿವಾರ ನಾನು ಒಳಗೆ ಹೋದಾಗ ಅವಳು ಆ ಮೇಜಿನ ಮೇಲೆ ಹಿಟ್ಟು ಲಟ್ಟಿಸುತ್ತಿದ್ದಳು. ಧೋತರದಷ್ಟು ಅಗಲ, ಆಚೆ ಕೈ ಕಾಣುವಷ್ಟು ತೆಳು. ಅದನ್ನು ಸುರುಳಿ ಸುತ್ತಿ, ಚಾಕುವಿನಿಂದ ಸಣ್ಣ ಸಣ್ಣ ಕೊಯ್ದು, ಕೈಯಿಂದ ಎತ್ತಿ ಕೊಡವಿದಳು. ಶಾವಿಗೆ. ನಾನು ನಿಂತೇಬಿಟ್ಟೆ. ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ, ಒಬ್ಬರ ಮನೆಯದು ಮುಗಿಸಿ ಇನ್ನೊಬ್ಬರ ಮನೆಗೆ ಹೋಗಿ ಶಾವಿಗೆ ಹೊಸೆಯುತ್ತಿದ್ದೆವು. ಹೊಸೆದದ್ದನ್ನು ಕೋಲಿನ ಮೇಲೆ ಇಳಿಬಿಡುವ ಕೆಲಸ ನನ್ನದು. ನನ್ನ ಕೈ ಒರಟು, ಎಳೆ ಹರಿಯುತ್ತಿತ್ತು, ನಮ್ಮ ಅಜ್ಜಿ ಕೋಲಿನಿಂದಲೇ ಹೊಡೆಯುತ್ತಿದ್ದಳು. ಇಲ್ಲಿ ಹಿಲ್ಡಾ ಬೆಂಚುಗಳ ಬೆನ್ನಿಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಒಣ ಹಾಕಿದ್ದಳು. ದೇವರ ಕಡೆ ಮುಖ ಮಾಡಿ ಮಂದಿ ಕೂರುವ ಬೆಂಚು. ಅದರ ತುಂಬ ಶಾವಿಗೆ.

"ಬೆಂಚಿನ ಮೇಲೆ ಹಾಕಬಹುದಾ?" ಎಂದು ಕೇಳಿದೆ.

"ಭಾನುವಾರ ಅಷ್ಟೇ ಅದು ಬೆಂಚು" ಎಂದಳು.

ಅವರು ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಇದನ್ನು ಬರೆದರೆ ಕಮಿಟಿಗೆ ಮೂಗು ಮುರಿಯಲು ಮತ್ತೊಂದು ಕಾರಣ ಸಿಗುತ್ತದೆ ಎಂದು ಗೊತ್ತು, ಆದರೂ ಬರೆಯುತ್ತೇನೆ. ನಿಮ್ಮ ಮಕ್ಕಳ ಬರ್ತ್‌ಡೇ ಕೇಕಿನಲ್ಲಿ ಏನಿರುತ್ತದೆ ಎಂದು ನಾನು ಯಾವತ್ತೂ ಕೇಳಿಲ್ಲ. ನಾನು ಮೊಟ್ಟೆ ಇಲ್ಲದೆ ಕಲಸಿಕೊಂಡು ಮೇಜಿನ ಈ ತುದಿಯಲ್ಲಿ ಲಟ್ಟಿಸುತ್ತಿದ್ದೆ, ಅವಳು ಆ ತುದಿಯಲ್ಲಿ. ಅಡುಗೆಮನೆ ಖಾಲಿ ಮಾಡಲು ಬಂದವಳು ಅವಳು, ಅಳತೆ ತೆಗೆಯಲು ಬಂದವಳು ನಾನು. ಇಬ್ಬರೂ ಆ ಕೆಲಸ ಮಾಡಲಿಲ್ಲ.

ಒಂದು ಶನಿವಾರ ನಾನೇ ಬಾಯಿಬಿಟ್ಟು ಕೇಳಿದೆ. "ಈ ಮೇಜಿನ ಮೇಲೆ ಹಂದಿ ಕೊಯ್ಯುತ್ತಿದ್ದಿರಾ?"

ಹಿಲ್ಡಾ ಲಟ್ಟಣಿಗೆ ನಿಲ್ಲಿಸಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗಿದೆ. ನಾನು ಅವಳ ಮನೆಯ ದೇವರಮನೆಗೆ ಚಪ್ಪಲಿ ಹಾಕಿಕೊಂಡು ಹೋಗಿದ್ದರೂ ಅವಳು ಹಾಗೆ ನೋಡುತ್ತಿರಲಿಲ್ಲ. ಹಂದಿ ಕೊಯ್ಯುವುದು ಗಂಡಸರ ಕೆಲಸವಂತೆ, ಚಳಿಗಾಲದಲ್ಲಿ, ಹಿಂದಿನ ಕೊಟ್ಟಿಗೆಯಲ್ಲಿ. ಆ ಕೊಟ್ಟಿಗೆಯ ಚಾಕು, ಪಾತ್ರೆ, ಒದ್ದೆ ಕೈ ಯಾವುದೂ ಈ ಹೊಸ್ತಿಲು ದಾಟಬಾರದು. ಒಮ್ಮೆ ಒಬ್ಬ ಪಾದ್ರಿಯೇ ಮಾಂಸದ ತಟ್ಟೆ ತಂದು ಈ ಮೇಜಿನ ಮೇಲೆ ಇಟ್ಟನಂತೆ. ಹೆಂಗಸರು ತಟ್ಟೆಯನ್ನು ಅವನ ಕೈಗೆ ಕೊಟ್ಟು ಹೊರಗೆ ಕಳಿಸಿ, ಉಪ್ಪು ಹಾಕಿ ಮೇಜು ತಿಕ್ಕಿದರಂತೆ. ಆ ಪಾದ್ರಿ ಊರು ಬಿಡುವವರೆಗೂ ಅಡುಗೆಮನೆಯ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದನಂತೆ.

ಅವರದೂ ಒಂದು ಮಡಿ. ನಮ್ಮದಕ್ಕಿಂತ ಬಿಗಿ.

ಆಮೇಲೆ ಅವಳು ಮೇಜಿನ ಕಥೆ ಹೇಳಿದಳು. ಗಾಳಿಗೆ ಬಿದ್ದ ಮೊದಲ ಚರ್ಚಿನ ಹಲಗೆಗಳಲ್ಲಿ ಗಟ್ಟಿ ಇದ್ದವನ್ನು ಆರಿಸಿ ಹೆಂಗಸರು ಎಲ್ಲಕ್ಕಿಂತ ಮುಂಚೆ ಈ ಮೇಜು ಮಾಡಿಸಿದರು. ಗಂಡಸರು ಹೊಸ ಚರ್ಚು ಕಟ್ಟುವಾಗ ಅವರಿಗೆ ಊಟ ಹಾಕಬೇಕಲ್ಲ. ಅಂದರೆ ಚರ್ಚಿಗಿಂತ ಮೇಜು ಹಳೆಯದು. ಮೇಜಿನ ಸುತ್ತ ಗೋಡೆ ಎಬ್ಬಿಸಿದರು ಎಂದರೂ ನಡೆಯುತ್ತದೆ.

"ಬಗ್ಗಿ ನೋಡು" ಎಂದಳು.

ಬಗ್ಗಿದೆ. ಹಲಗೆಯ ಅಡಿಯಲ್ಲಿ ಹೆಸರುಗಳಿದ್ದವು. ಕೆಲವು ಪೆನ್ಸಿಲಿನವು, ಕೆಲವು ಮೊಳೆಯಿಂದ ಗೀರಿದವು. ಮದುವೆಯಾಗಿ ಬಂದ ಸೊಸೆ ಮೊದಲ ಶಾವಿಗೆಯ ದಿನ ಮೇಜಿನ ಕೆಳಗೆ ಮಲಗಿ ತನ್ನ ಹೆಸರು ಬರೆಯಬೇಕು. ಚರ್ಚಿನ ದೊಡ್ಡ ಪುಸ್ತಕದಲ್ಲಿ ಹೆಂಗಸರಿಗೆ ಹೆಸರಿಲ್ಲ, ಇಂಥವನ ಹೆಂಡತಿ ಎಂದಷ್ಟೇ. ಇಲ್ಲಿ ಅವಳವಳ ಹೆಸರು, ಅವಳವಳ ಕೈ. ಮೊದಲನೇ ಮಹಾಯುದ್ಧ ಬಂದಾಗ ಸುತ್ತಲಿನವರು ಜರ್ಮನ್ ಮಂದಿ ಶತ್ರುಗಳೆಂದು ಚರ್ಚಿನ ಬಾಗಿಲಿಗೆ ಹಳದಿ ಬಣ್ಣ ಬಳಿದು ಹೋದರಂತೆ. ಮರುವಾರದಿಂದ ಪ್ರಾರ್ಥನೆ ಇಂಗ್ಲಿಷಿನಲ್ಲಿ. ಬಾಗಿಲ ಮೇಲಿನ ಜರ್ಮನ್ ಅಕ್ಷರಕ್ಕೆ ಸುಣ್ಣ. ಅಡುಗೆಮನೆಯಲ್ಲಿ ಮಾತ್ರ ಜರ್ಮನ್ ನಡೆಯಿತು, ಮೇಜಿನ ಕೆಳಗೆ ಜರ್ಮನ್ ಅಕ್ಷರದಲ್ಲೇ ಹೆಸರು ಬಿದ್ದವು. ಹಿಲ್ಡಾಳ ತಾಯಿ ಹೇಳುತ್ತಿದ್ದಳಂತೆ: "ಗಂಡಸರಿಗೆ ಹೆದರಿಕೊಳ್ಳಲು ಪುರುಸೊತ್ತಿತ್ತು, ನಮಗೆ ಕೆಲಸ ಇತ್ತು."

"ಮೇಲೆ ಯಾಕೆ ಬರೆಯಲಿಲ್ಲ?" ಎಂದೆ.

"ಹಿಟ್ಟು ಸೇರಿಕೊಳ್ಳುತ್ತದೆ" ಎಂದಳು.

ಕಡೆಯ ಶನಿವಾರ ಹಿಲ್ಡಾ ಉಳಿದ ಪಾತ್ರೆಗಳನ್ನೆಲ್ಲ ಕಾರಿಗೆ ತುಂಬಿಸಿದಳು. ಹ್ಯೂಸ್ಟನ್ನಿನಲ್ಲಿ ಮಗಳ ಮನೆಗೆ ಹೋಗುವವಳಿದ್ದಳು. ಲಟ್ಟಣಿಗೆ ನನ್ನ ಕೈಗೆ ಕೊಟ್ಟು, "ಮೇಜು ಎಲ್ಲಿಗೂ ಹೋಗಬಾರದು. ಅದು ಈ ಅಡುಗೆಮನೆಯದು. ನೀನು ಮಾತು ಕೊಡು" ಎಂದಳು. ಕಮಿಟಿಯನ್ನು ಕೇಳಲಿಲ್ಲ, ವಕೀಲರನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನಾನು ಕೊಟ್ಟೆ.

ಅದಾದ ಮೇಲೆ ಹ್ಯೂಸ್ಟನ್ನಿನಲ್ಲಿ ನನ್ನ ಮಗನ ಮಗುವಿನ ನಾಮಕರಣ ಬಂತು. ಹತ್ತು ದಿನ ಹೋಗಿದ್ದೆ. ತಿರುಗಿ ಬರುವ ಹೊತ್ತಿಗೆ ಕಟ್ಟಡದ ಶುದ್ಧೀಕರಣ ಮುಗಿದಿತ್ತು. ಅಡುಗೆಮನೆಯಲ್ಲಿ ಕರಿ ಗ್ರಾನೈಟ್ ಕಟ್ಟೆ ಕೂತಿತ್ತು. ಮೇಜಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣ ಕಾಣುತ್ತಿತ್ತು, ನಾಲ್ಕು ಕಾಲಿನ ಗುರುತು.

ಪ್ರೆಸಿಡೆಂಟರನ್ನು ಕೇಳಿದೆ. ಅವರು ಉದ್ಘಾಟನೆಗೆ ತೋರಣ ಕಟ್ಟಿಸುತ್ತಿದ್ದರು. "ಆಂಟಿ, ಅದನ್ನ ಇಟ್ಕೊಳ್ಳಕ್ಕಾಗುತ್ತಾ? ನೀವೇ ಹೇಳಿದ್ರಲ್ಲ, ಹಂದಿ ಕೊಯ್ದಿದಾರೆ ಅಂತ. ನಮ್ಮ ಕಂಟ್ರಾಕ್ಟರ್ ತಗೊಂಡು ಹೋದ. ನೀವು ಹೇಳ್ದೇ ಇದ್ದಿದ್ರೆ ನಮಗೆ ಹೊಳೀತಾನೇ ಇರ್ಲಿಲ್ಲ. ಥ್ಯಾಂಕ್ಸ್."

ಥ್ಯಾಂಕ್ಸ್ ಎಂದರು. ಎಲ್ಲಿಗೆ ಒಯ್ದರು ಎಂದು ನಾನು ಕೇಳಲಿಲ್ಲ, ತಿರುಗಿ ತನ್ನಿ ಎನ್ನಲಿಲ್ಲ. ಒಳಗೆ ಹೋಗಿ ಇನ್ನೂರು ಮಂದಿಗೆ ಶಾವಿಗೆ ಪಾಯಸ ಮಾಡಿದೆ, ಪ್ಯಾಕೆಟ್ಟಿನ ಶಾವಿಗೆಯದು. ಎಲ್ಲರೂ ಚೆನ್ನಾಗಿದೆ ಎಂದರು. ನಾಲಿಗೆ ಇಲ್ಲದ ಮಂದಿ.

ಹಿಲ್ಡಾ ವರ್ಷಕ್ಕೆ ಎರಡು ಸಲ ಫೋನ್ ಮಾಡುತ್ತಾಳೆ, ಅವರ ಕ್ರಿಸ್‌ಮಸ್ಸಿಗೆ ಒಮ್ಮೆ, ಶಾವಿಗೆಯ ಕಾಲಕ್ಕೆ ಒಮ್ಮೆ. "ಮೇಜು ಹೇಗಿದೆ?" ಎಂದು ಕೇಳುತ್ತಾಳೆ, ಮನೆಯ ಮುದುಕಿಯನ್ನು ವಿಚಾರಿಸುವ ಹಾಗೆ. "ಇದೆ" ಎನ್ನುತ್ತಿದ್ದೆ. "ಉಪ್ಪು ಹಾಕಿ ತಿಕ್ಕುತ್ತೀಯಾ?" ಎಂದರೆ, "ತಿಕ್ಕುತ್ತೇನೆ." ಐದು ವರ್ಷ ತಿಕ್ಕಿದೆ, ಇಲ್ಲದ ಮೇಜನ್ನು.

ಈಗ ಸಂಘ ಈ ಕಟ್ಟಡಕ್ಕೆ ಬಂದು ಐದು ವರ್ಷ ತುಂಬುತ್ತಿದೆ. ಹಿಲ್ಡಾಳನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಬೇಕೆಂದು ಕಮಿಟಿ ನಿರ್ಧರಿಸಿ ಅವಳಿಗೆ ಪತ್ರ ಬರೆದಿದೆ. ಅಳಿಯ ಅದನ್ನು ಹೇಳಿದಾಗ ನಾನು ಹಿಟ್ಟು ನಾದುತ್ತಿದ್ದೆ.

"ಅಳಿಯಾರ, ಆಕಿ ಬಂದ ಕೂಡ್ಲೇ ಅಡಗಿಮನಿಗೆ ಹೋಗ್ತಾಳ."

"ಹೋಗ್ಲಿ ಬಿಡ್ರಿ. ಹೊಸಾ ಗ್ರಾನೈಟ್ ನೋಡಿ ಖುಷಿ ಪಡ್ತಾಳ."

"ಮೇಜ್ ಎಲ್ಲೈತಿ ಅಂತ ಕೇಳ್ತಾಳ."

ಅಳಿಯ ಫೋನಿನಿಂದ ತಲೆ ಎತ್ತಿದರು. "ಯಾವ ಮೇಜ್ರಿ?"

ಇದಕ್ಕೆ ನನಗೆ ಸಿಟ್ಟು ಬಂತು. ಕೆಟ್ಟದ್ದು ಮಾಡಿ ಮುಚ್ಚಿಟ್ಟುಕೊಂಡಿದ್ದರೆ ಅದು ಬೇರೆ ಮಾತು. ಮಾಡಿದ್ದು ನೆನಪೇ ಇಲ್ಲ. ಅಳಿಯ ಎಂಬುದನ್ನು ಮರೆತು ಅವತ್ತು ಎಲ್ಲವನ್ನೂ ಹೇಳಿದೆ. ನನ್ನ ಮಾತು, ಹಿಲ್ಡಾಳ ಮಾತು, ಕೊಟ್ಟ ಮಾತು. ಸುಜಾತಾ ಒಲೆ ಆರಿಸಿ ನಿಂತಳು. ಅಳಿಯ ಗ್ಯಾರೇಜಿಗೆ ಹೋಗಿ ಆ ಹಳೆಯ ಕಂಟ್ರಾಕ್ಟರಿಗೆ ಫೋನ್ ಮಾಡಿ ಬಂದರು. "ಆಸ್ಟಿನ್ನಾಗ ಐತಂತ್ರಿ. ಒಂದು ಹೋಟೆಲ್ಲಿಗೆ ಕೊಟ್ಟಾನಂತ." ಮುಖ ಬೇರೆ ಕಡೆ ಮಾಡಿ, "ಬಾರ್ಬೆಕ್ಯೂ" ಎಂದರು.

ನನ್ನನ್ನು ಕರೆದುಕೊಂಡು ಹೋದವಳು ಪದ್ಮಾ. ಮೈಸೂರಿನವಳು, ರಿಟೈರಾದ ಡಾಕ್ಟರು, ನನಗಿಂತ ಎರಡು ವರ್ಷ ಚಿಕ್ಕವಳು, ಕಾರು ಓಡಿಸುವಾಗ ಇಪ್ಪತ್ತೈದರವಳು. ಇರ್ವಿಂಗಿನ ದೇವಸ್ಥಾನಕ್ಕೆ ಹೋಗುತ್ತೇವೆ ಎಂದು ಅವಳ ಗಂಡನಿಗೆ ಹೇಳಿ, ಮೂರೂವರೆ ತಾಸು ದಕ್ಷಿಣಕ್ಕೆ ಹೊಡೆದಳು.

ಒಳಗೆ ಕಾಲಿಟ್ಟರೆ ಹೊಗೆ, ಸುಟ್ಟ ಮಾಂಸದ ವಾಸನೆ. ನಲವತ್ತು ವರ್ಷ ಟೆಕ್ಸಾಸಿನಲ್ಲಿದ್ದೂ ಇಂಥ ಕಡೆ ಹೋದವಳಲ್ಲ ನಾನು.

"ರೀ ಗಂಗವ್ವ, ಹಣೆ ತುಂಬ ವಿಭೂತಿ ಹಚ್ಕೊಂಡು ಬಾರ್ಬೆಕ್ಯೂಗೆ ಬಂದಿರೋ ಮೊದಲನೇ ಹೆಂಗಸು ನೀವೇ ಇರ್ಬೇಕು" ಎಂದಳು ಪದ್ಮಾ.

"ಸುಮ್ನ ನಡಿ. ಉಸಿರು ಬಿಗಿ ಹಿಡ್ಕೊಂಡೀನಿ."

"ಎಷ್ಟ್ ಹೊತ್ತು ಹಿಡ್ಕೋತೀರಾ? ಒಂದ್ ನಿಮಿಷ ಆದ್ಮೇಲೆ ನೀವು ಪೇಷೆಂಟು, ನಾನು ಡಾಕ್ಟರು."

ಮೇಜು ಕಿಟಕಿಯ ಹತ್ತಿರ ಇತ್ತು. ಮರದ ಕಾಲು ತೆಗೆದು ಕಬ್ಬಿಣದ ಕೊಳವೆಯ ಕಾಲು ಬಿಗಿದಿದ್ದರು, ಮೇಲೆ ಹೊಳೆಯುವ ಬಣ್ಣ. ಆರು ಮಂದಿಯ ಒಂದು ಕುಟುಂಬ ಕೂತು ಎಲುಬು ಚೀಪುತ್ತಿತ್ತು. ಹಲಗೆಯ ಮೇಲೆ ಕಾಗದ ಹಾಸಿ, ಕಾಗದದ ಮೇಲೆ ಮಾಂಸ. ಮಾಂಸ ಕೊಯ್ದಿದ್ದಾರೆ ಎಂದು ನಾನು ಸುಳ್ಳು ಹೇಳಿ ಹೊರಗೆ ಹಾಕಿಸಿದ ಮೇಜು, ನನ್ನ ಸುಳ್ಳನ್ನು ನಿಜ ಮಾಡಿಕೊಂಡು ನನ್ನ ಮುಂದೆ ನಿಂತಿತ್ತು. ಕಣ್ಣೀರು ಬಂತೇ ಎಂದು ಸುಜಾತಾ ಆಮೇಲೆ ಕೇಳಿದಳು. ಬರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮ್ಯಾನೇಜರ್ ಹೆಣ್ಣುಮಗಳು. ಪದ್ಮಾ ಅವಳಿಗೆ ಎಲ್ಲ ವಿವರಿಸಿದಳು. ಅವಳು ಮಾಲಕನಿಗೆ ಫೋನ್ ಮಾಡಿ ಬಂದು, ಮೇಜು ಕೊಡುವುದಿಲ್ಲ, ನೆಲಕ್ಕೆ ಬೋಲ್ಟ್ ಹಾಕಿದೆ, ಬೇಕಾದರೆ ನೋಡಬಹುದು ಎಂದಳು. ನೋಡುತ್ತೇನೆ ಎಂದೆ. ಸೀರೆ ಎತ್ತಿ ಕಟ್ಟಿ, ಆ ಕುಟುಂಬಕ್ಕೆ "ಲೆಗ್ಸ್ ಅಪ್ ಪ್ಲೀಸ್" ಎಂದು ಹೇಳಿ ಕೆಳಗೆ ಹೋದೆ. ಹನ್ನೆರಡು ಕಾಲು ಒಟ್ಟಿಗೆ ಮೇಲೆ ಹೋದವು. ಒಳ್ಳೆಯ ಮಂದಿ, ಊಟ ನಿಲ್ಲಿಸಲಿಲ್ಲ.

ಹೆಸರುಗಳಿದ್ದವು. ಕೆಳಗಡೆ ಯಾರೂ ಬಣ್ಣ ಹಚ್ಚಿರಲಿಲ್ಲ. ಪದ್ಮಾ ತನ್ನ ಫೋನು ತೂರಿಸಿ ಫೋಟೋ ತೆಗೆದಳು, ಬರೀ ಕಪ್ಪು ಬಂತು. ಪೆನ್ಸಿಲ್ ಮಾಸಿದ್ದರಿಂದ ಟಾರ್ಚನ್ನು ಓರೆ ಹಿಡಿದರೆ ಮಾತ್ರ ಒತ್ತಿದ ಗುರುತು ಕಾಣುತ್ತಿತ್ತು. ಆ ಹಳೆಯ ಅಕ್ಷರ ಪದ್ಮಾಳಿಗೂ ಓದಲು ಬರಲಿಲ್ಲ, ಅಷ್ಟು ಕಲಿತವಳಿಗೆ. ನಾನು ಓದುವ ಗೋಜಿಗೆ ಹೋಗಲಿಲ್ಲ. ಬೆನ್ನ ಮೇಲೆ ಮಲಗಿ, ಒಂದೊಂದು ಗೆರೆ ನೋಡಿ, ರಂಗೋಲಿ ನೋಡಿ ಬಿಡಿಸುವ ಹಾಗೆ ಕಾಗದದ ಮೇಲೆ ಬಿಡಿಸಿಕೊಂಡೆ. ಎಲ್ಲಿ ತಿರುಗುತ್ತದೆ, ಎಲ್ಲಿ ಸುತ್ತುತ್ತದೆ, ಎಲ್ಲಿ ಬಾಲ ಇಳಿಯುತ್ತದೆ. ಒಂದು ತಾಸು ಹಿಡಿಯಿತು. ಆ ಕುಟುಂಬ ಎದ್ದು ಹೋಯಿತು, ಇನ್ನೊಂದು ಬಂದು ಕೂತಿತು. ಪದ್ಮಾ ಮೇಲೆ ಕೂತು ಮೆಕ್ಕೆಜೋಳ ತಿನ್ನುತ್ತ, ಕೇಳಿದವರಿಗೆಲ್ಲ, "ನನ್ನ ಫ್ರೆಂಡು, ಓದ್ತಾ ಇದಾರೆ" ಎನ್ನುತ್ತಿದ್ದಳು. ಹದಿನೆಂಟು ಹೆಸರು ಸಿಕ್ಕವು.

ಅಲ್ಲಿಂದ ಸೀದಾ ಹ್ಯೂಸ್ಟನ್. ಹಿಲ್ಡಾ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಕುರ್ಚಿಯಲ್ಲಿದ್ದಳು. ಕಾಲು ಹೋಗಿತ್ತು, ಕಣ್ಣು ಇತ್ತು. ನಾನು ಕೂರಲಿಲ್ಲ. "ಮೇಜು ಇಲ್ಲ. ಐದು ವರ್ಷದಿಂದ ಇಲ್ಲ. ಹೊರಗೆ ಹಾಕಿಸಿದ ಮಾತು ನನ್ನದು, ನಿನ್ನ ಪರಿಚಯ ಆಗುವ ಮುಂಚೆ ಆಡಿದ್ದು. ಮಾತು ಕೊಟ್ಟ ಮೇಲೆ ಮಾತಾಡದೆ ಕೂತವಳೂ ನಾನೇ" ಎಂದೆ. ನಿಂತುಕೊಂಡೇ ಹೇಳಿದೆ, ನನಗೆ ಗೊತ್ತಿದ್ದ ಅಷ್ಟೂ ಇಂಗ್ಲಿಷು ಅದಕ್ಕೇ ಖರ್ಚಾಯಿತು.

ಅವಳು ಕಿಟಕಿಯ ಕಡೆ ತಿರುಗಿ ಕೇಳಿದಳು, "ಈಗ ಅದರ ಮೇಲೆ ಏನು ಮಾಡುತ್ತಾರೆ?"

"ಮಾಂಸ ತಿನ್ನುತ್ತಾರೆ."

"ನಮ್ಮ ಗಂಡಸರನ್ನೇ ನೂರು ವರ್ಷ ಅದಕ್ಕೆ ಬಿಡಲಿಲ್ಲ" ಎಂದಳು.

ಕಾಗದ ಕೊಟ್ಟೆ. ಹಿಲ್ಡಾ ಬೆರಳು ಇಟ್ಟು ಒಂದೊಂದೇ ಓದಿದಳು. ಒಟಿಲಿ. ವಿಲ್ಹೆಲ್ಮೀನಾ. ಬೆರ್ಟಾ. ಲೀನಾ, ಇವಳು ಉಪ್ಪು ಜಾಸ್ತಿ ಹಾಕುತ್ತಿದ್ದಳು. ಹುಲ್ಡಾ, ಮೊದಲ ಹೆರಿಗೆಯಲ್ಲೇ ತೀರಿಕೊಂಡಳು. ನಾನು ಬಿಡಿಸಿದ ಗೆರೆಗಳು ಅವಳ ಬಾಯಲ್ಲಿ ಹೆಂಗಸರಾದವು. ಹದಿನೆಂಟನೆಯದು ಅವಳದೇ ಹೆಸರು. ಅದನ್ನು ಓದಿ, ಕಾಗದ ತಿರುಗಿಸಿ ಹಿಂದೆ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಮೆಟಾ ಎಲ್ಲಿ?"

"ಮೆಟಾ ಯಾರು?"

"ನನ್ನ ತಾಯಿ. ಎಡಗಡೆ, ಕಾಲಿನ ಹತ್ತಿರ."

ಆಗ ನೆನಪಾಯಿತು. ಎಡಗಡೆ ಮರದ ಕಾಲು ತೆಗೆದ ಜಾಗದಲ್ಲಿ ಅಂಗೈ ಅಗಲದ ಕಬ್ಬಿಣದ ತಗಡು ಇತ್ತು, ನಾಲ್ಕು ಸ್ಕ್ರೂ ಹಾಕಿ ಬಿಗಿದದ್ದು. ಹೆಸರು ಅದರ ಅಡಿಗೆ ಸಿಕ್ಕಿದೆ. ಹೆಸರು ಗೊತ್ತಾಯಿತಲ್ಲ, ನಾನೇ ಬರೆದು ಸೇರಿಸುತ್ತೇನೆ ಎಂದೆ. ಹಿಲ್ಡಾ ಕಾಗದ ಮಡಚಿ ನನಗೇ ತಿರುಗಿ ಕೊಟ್ಟಳು. "ನೀನು ಬರೆದರೆ ಅದು ನಿನ್ನದು. ಅವಳು ಕೈಯಾರೆ ಬರೆದದ್ದು ಅದೊಂದೇ. ನೋಡಿ ಬಿಡಿಸಿಕೊಂಡು ಬಾ. ಅಲ್ಲಿಯವರೆಗೆ ನನಗೆ ಶಾಲು ಬೇಡ."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಬಾಗಿಲಿಗೆ ಹೋದಾಗ ಹಿಂದಿನಿಂದ, "ಗ್ರಾನೈಟಿಗೆ ಹಿಟ್ಟು ಅಂಟುತ್ತದೆ" ಎಂದಳು. ಅಂಟುತ್ತದೆ, ನಿಜ.

ಪ್ರೆಸಿಡೆಂಟರೇ, ಸೆಕ್ರೆಟರಿಯವರೇ, ಇದು ನಿಮ್ಮ ಪೇಜ್. ಸಿಹಿ ಇದ್ದಷ್ಟು ಹಾಕಿದ್ದೇನೆ. ಹದಿನೆಂಟು ಹೆಸರಿನ ಕಾಗದ ಇದರ ಜೊತೆಗಿದೆ, ಫೋಟೋ ಇದ್ದ ಅರ್ಧ ಪುಟದಲ್ಲಿ ಅದನ್ನು ಛಾಪಿಸಿ, ನಾನು ಬಿಡಿಸಿದ ಹಾಗೆಯೇ. ಎಡಗಡೆ ಅಂಗೈ ಅಗಲ ಜಾಗ ಖಾಲಿ ಬಿಡಿ. ಈ ಶನಿವಾರ ಸಂಘದ ಅಡುಗೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಪದ್ಮಾಳೂ ಬರುವುದಿಲ್ಲ. ನಾವಿಬ್ಬರೂ ಆಸ್ಟಿನ್ನಿಗೆ ಹೋಗುತ್ತೇವೆ. ಅಳಿಯ ಗ್ಯಾರೇಜಿನಿಂದ ಒಂದು ಸ್ಕ್ರೂ ಡ್ರೈವರ್ ತಂದು ಲಟ್ಟಣಿಗೆಯ ಪಕ್ಕದಲ್ಲಿ ಇಟ್ಟಿದ್ದಾರೆ. ಅದು ಈಗ ನನ್ನ ಚೀಲದಲ್ಲಿದೆ.